ಹಳೇ ಲಾರಿಗೆ ಎಲ್‌ಇಡಿ ಹಾಕಿದೆವು, ಇಂಡಿಕೇಟರ್ ಮಿಟುಕಲೇ ಇಲ್ಲ!

ನವಿಮುಂಬಯಿ: 2024ರ ನವೆಂಬರ್ ತಿಂಗಳು. ಸಂಘದ ರಾಜ್ಯೋತ್ಸವ ಮೆರವಣಿಗೆಗೆ ಇನ್ನು ನಾಲ್ಕೇ ದಿನ ಉಳಿದಿತ್ತು. ತಾಯಿ ಭುವನೇಶ್ವರಿಯ ಸ್ತಬ್ಧಚಿತ್ರಕ್ಕೆ ಬಾಡಿಗೆಯ ಟೆಂಪೊ ಯಾಕೆ, ನಮ್ಮವರದ್ದೇ ಹಳೆಯ ಲಾರಿ ಇರುವಾಗ ಅದನ್ನೇ ಸಿಂಗರಿಸೋಣ ಎಂದು ಕಾರ್ಯಕಾರಿ ಸಮಿತಿಯಲ್ಲಿ ಒಮ್ಮತದ ತೀರ್ಮಾನವಾಗಿತ್ತು. ಲಾರಿ ಎಂದರೆ ಕಳಂಬೋಲಿಯ ಗ್ಯಾರೇಜೊಂದರ ಮೂಲೆಯಲ್ಲಿ ನಿಂತಿರುವ 1984ರ ಟಾಟಾ 1210. ಅದರ ಮಾಲಕರು ಉಡುಪಿ ಕಡೆಯ ಹಿರಿಯರು. ಹದಿಹರೆಯದಲ್ಲಿ ಮುಂಬಯಿಗೆ ಬಂದು, ಹಗಲು ಹೊಟೇಲಿನಲ್ಲಿ ದುಡಿದು, ಕ್ಲೀನರ್ ಆಗಿ, ಡ್ರೈವರ್ ಆಗಿ, ಕೊನೆಗೆ ಸಾಲ ಮಾಡಿ ಸ್ವಂತ ಲಾರಿ ಕೊಂಡವರು. ಊರಿನ ಅಡಿಕೆ, ಮೀನು ಇಲ್ಲಿಗೆ. ಇಲ್ಲಿನ ಯಂತ್ರದ ಸಾಮಾನು ಊರಿಗೆ. ಹೀಗೆ ಘಟ್ಟ ಹತ್ತಿ ಇಳಿದ ಲಾರಿ ಅದು. ಈಗ ಬಾಡಿಗೆಗೆ ಹೋಗುವುದಿಲ್ಲ. ಆದರೆ ಕಾಗದಪತ್ರ ಜೀವಂತ ಇಟ್ಟಿದ್ದಾರೆ, ವಾರಕ್ಕೊಮ್ಮೆ ಸ್ಟಾರ್ಟ್ ಮಾಡದಿದ್ದರೆ ಅವರಿಗೆ ಸಮಾಧಾನವಿಲ್ಲ.

ಡೊಂಬಿವಲಿಯಲ್ಲಿರುವ ಅವರ ಮಗನಿಗೆ ಉತ್ಸಾಹ. ಮೆರವಣಿಗೆ ಮುಗಿಯುವಾಗ ಕತ್ತಲಾಗುತ್ತದೆ, ಹಳೆಯ ಇಂಡಿಕೇಟರ್ ಮಂಕಾಗಿ ಉರಿಯುತ್ತದೆ, ಎಲ್ಲ ಎಲ್‌ಇಡಿ ಮಾಡಿಬಿಡುತ್ತೇನೆ ಎಂದು ನಾಲ್ಕು ಬಲ್ಬು ತಂದು ತಾನೇ ಹಾಕಿದರು. ಹಳೆಯ ಹೋಲ್ಡರಿನಲ್ಲಿಯೇ ಸರಿಯಾಗಿ ಕೂತವು. ಸ್ವಿಚ್ಚು ಎಡಕ್ಕೆ ಹಾಕಿದರೆ ಎಡಗಡೆಯ ಎರಡೂ ದೀಪ ಫಳ್ಳನೆ ಹೊತ್ತಿದವು. ಆದರೆ ಮಿಟುಕಲಿಲ್ಲ. ಹಾಗೇ ಉರಿದುಕೊಂಡು ನಿಂತವು. ಬಲಕ್ಕೆ ಹಾಕಿದರೂ ಅಷ್ಟೇ.

"ಎಂತ ಮಾರಾಯ, ಹಣ ಕೊಟ್ಟು ತಂದ ಲೈಟು ಹಳೆಯದಕ್ಕಿಂತ ಕಡೆ ಆಯ್ತಲ್ಲ!" ಎಂದರು ಹಿರಿಯರು.

ಸಮಿತಿಯ ಪರವಾಗಿ ಲಾರಿ ನೋಡಲು ಹೋಗಿದ್ದ ಈ ಲೇಖಕನೂ ಅಲ್ಲಿಯೇ ಇದ್ದುದರಿಂದ ಮುಂದಿನ ಎರಡು ದಿನದ ಕಥೆ ಕಣ್ಣಾರೆ ಕಂಡದ್ದು. ನಮ್ಮ ಸಂಘಗಳ ಸದಸ್ಯರಲ್ಲಿ ಲಾರಿ, ಟೆಂಪೊ ಇಟ್ಟುಕೊಂಡವರು, ಹಳೆಯ ಜೀಪು, ಕಾರನ್ನು ಪ್ರೀತಿಯಿಂದ ಸಾಕಿಕೊಂಡವರು ಅನೇಕರಿದ್ದಾರೆ. ಅವರಿಗೆ ಇದು ಉಪಯೋಗವಾದೀತು.

ಡಬ್ಬಿಯೊಳಗಿನ ಗುಟ್ಟು

ಗ್ಯಾರೇಜಿಗೆ ಕರೆಸಿದ ಆಟೋ ಇಲೆಕ್ಟ್ರಿಷಿಯನ್ ಕೂಡ ನಮ್ಮವರೇ, ವಿಜಯಪುರ ಜಿಲ್ಲೆಯವರು. ಬಲ್ಬನ್ನು ಮುಟ್ಟಲೂ ಹೋಗಲಿಲ್ಲ. ನೇರವಾಗಿ ಡ್ಯಾಶ್‌ಬೋರ್ಡಿನ ಕೆಳಗೆ ಕೈಹಾಕಿ ಸಣ್ಣ ತಗಡಿನ ಡಬ್ಬಿಯೊಂದನ್ನು ಎಳೆದು ತೆಗೆದರು. ಅದೇ ಫ್ಲಾಶರ್.

"ಇದು ಬಲ್ಬಿನ ತಪ್ಪಲ್ರೀ ಅಣ್ಣಾರ. ಈ ಡಬ್ಬ್ಯಾಗ ಜೀವ ಬರಬೇಕಂದ್ರ ಕರೆಂಟ್ ಜಾಸ್ತಿ ಹರೀಬೇಕು. ನಿಮ್ಮ ಎಲ್‌ಇಡಿ ಭಾಳ ಕಂಜೂಸ್ ಐತಿ," ಎಂದರು.

ಮಾತು ತಮಾಷೆಯದ್ದಾದರೂ ವಿಷಯ ಪೂರ್ತಿ ಅದರಲ್ಲೇ ಇದೆ. ಹಳೆಯ ಇಂಡಿಕೇಟರ್ ಬಲ್ಬು 21 ವಾಟಿನದ್ದು. 12 ವೋಲ್ಟಿನ ಬ್ಯಾಟರಿಯಿಂದ ಅದು ಸುಮಾರು 1.75 ಆಂಪಿಯರ್ ಕರೆಂಟು ಎಳೆಯುತ್ತದೆ. ಮುಂದೊಂದು ಹಿಂದೊಂದು, ಒಟ್ಟು 3.5 ಆಂಪಿಯರ್. ಹಳೆಯ ಫ್ಲಾಶರಿನೊಳಗೆ ಇರುವುದು ಬಿಸಿಯಾದರೆ ಬಾಗುವ ಲೋಹದ ಪಟ್ಟಿ. ಆ 3.5 ಆಂಪಿಯರ್ ಹರಿಯುವಾಗ ಪಟ್ಟಿ ಕಾದು ಬಾಗಿ ಸಂಪರ್ಕ ಕಡಿಯುತ್ತದೆ, ದೀಪ ಆರುತ್ತದೆ. ಪಟ್ಟಿ ತಣಿದಾಗ ಮತ್ತೆ ತಾಗುತ್ತದೆ, ದೀಪ ಹೊತ್ತುತ್ತದೆ. ಟಿಕ್ ಟಿಕ್ ಎಂಬ ಶಬ್ದವೂ ಅದರದ್ದೇ. ಅಂದರೆ ಮಿಟುಕುವಿಕೆಗೆ ಬೇಕಾದ ಬೆಂಕಿಯನ್ನು ಬಲ್ಬೇ ಒದಗಿಸುತ್ತಿತ್ತು ಎನ್ನಬಹುದು. 3 ವಾಟಿನ ಎಲ್‌ಇಡಿ ಎಳೆಯುವುದು ಕಾಲು ಆಂಪಿಯರ್ ಮಾತ್ರ, ಎರಡು ಸೇರಿದರೂ ಅರ್ಧ. ಅಷ್ಟಕ್ಕೆ ಪಟ್ಟಿ ಬೆಚ್ಚಗೂ ಆಗುವುದಿಲ್ಲ. ಬಲ್ಬು ಉಳಿತಾಯ ಮಾಡಿದ್ದೇ ತೊಂದರೆಯಾಯಿತು!

ಈಚಿನ ವಾಹನಗಳಲ್ಲಿ ಇದಕ್ಕೆ ತಿರುಗಾಮುರುಗಾ ಆಗುತ್ತದೆ. ಅವುಗಳ ಎಲೆಕ್ಟ್ರಾನಿಕ್ ಫ್ಲಾಶರಿಗೆ ಕರೆಂಟು ಕಡಿಮೆಯಾದರೆ ಒಂದು ಬಲ್ಬು ಹೋಗಿದೆ ಎಂದೇ ಲೆಕ್ಕ. ಚಾಲಕನಿಗೆ ತಿಳಿಯಲೆಂದು ಪಟಪಟನೆ ಮಿಟುಕತೊಡಗುತ್ತದೆ. ಎಲ್‌ಇಡಿ ಹಾಕಿಸಿಕೊಂಡು ರಸ್ತೆಯಲ್ಲಿ ಹುಚ್ಚು ಹಿಡಿದಂತೆ ಮಿಟುಕುವ ಬೈಕು, ರಿಕ್ಷಾಗಳನ್ನು ನಾವೆಲ್ಲ ನೋಡಿದ್ದೇವೆ.

ಇದಕ್ಕೆ ಪೇಟೆಯಲ್ಲಿ ಎರಡು ಪರಿಹಾರ ಸಿಗುತ್ತವೆ. ಒಂದು, ಪ್ರತಿ ಎಲ್‌ಇಡಿಯ ಪಕ್ಕ 6 ಓಮಿನ, 50 ವಾಟಿನ ರೆಸಿಸ್ಟರ್ ಜೋಡಿಸುವುದು. ಅದು ಸುಮ್ಮನೆ 2 ಆಂಪಿಯರ್ ನುಂಗಿ ಹಳೆಯ ಫ್ಲಾಶರನ್ನು ನಂಬಿಸುತ್ತದೆ. ಆದರೆ ನುಂಗಿದ್ದೆಲ್ಲ ಶಾಖವಾಗುತ್ತದೆ. ಎಂಜಿನ್ ಓಡುವಾಗ ವೋಲ್ಟೇಜ್ 14ರ ಹತ್ತಿರ ಇರುವುದರಿಂದ 30 ವಾಟಿಗೂ ಮೀರಿ. ಮುಟ್ಟಿದರೆ ಕೈ ಸುಡುತ್ತದೆ. ಲೋಹದ ಚಾಸಿಗೆ ಬೋಲ್ಟ್ ಹಾಕಿ ಕೂರಿಸಿದರೆ ಸರಿ. ಮರದ ಬಾಡಿಗೆ ಮೊಳೆ ಹೊಡೆದರೆ, ವೈರುಗಳ ಕಟ್ಟಿನ ನಡುವೆ ತೂಗಿಬಿಟ್ಟರೆ ಅಪಾಯ ಕಟ್ಟಿಟ್ಟದ್ದು. ಅಲ್ಲದೆ ಎಲ್‌ಇಡಿ ಹಾಕಿ ಉಳಿಸಿದ ಕರೆಂಟನ್ನು ರೆಸಿಸ್ಟರಿಗೆ ಕೊಟ್ಟಂತಾಯಿತು. ಈ ಉಪಾಯ ಈ ಲೇಖಕನಿಗೆ ಹಿಡಿಸಲಿಲ್ಲ, ನಮ್ಮ ಇಲೆಕ್ಟ್ರಿಷಿಯನರಿಗಂತೂ ಮೊದಲೇ ಹಿಡಿಸುತ್ತಿರಲಿಲ್ಲ.

ಎರಡನೆಯದು ಫ್ಲಾಶರನ್ನೇ ಬದಲಿಸುವುದು. ಎಲ್‌ಇಡಿಗೆಂದೇ ಮಾಡಿದ ಎಲೆಕ್ಟ್ರಾನಿಕ್ ಫ್ಲಾಶರ್ ಕರೆಂಟು ಎಷ್ಟು ಹರಿಯುತ್ತದೆ ಎಂದು ನೋಡುವುದಿಲ್ಲ. ತನ್ನದೇ ಲೆಕ್ಕದಲ್ಲಿ ಮಿಟುಕಿಸುತ್ತದೆ. ಇದರಲ್ಲಿ ಒಂದು ಎಚ್ಚರಿಕೆ ಬೇಕು. ಹಳೆಯ ಡಬ್ಬಿಗೆ ಎರಡೇ ಕಾಲು: ಬ್ಯಾಟರಿಯಿಂದ ಬರುವ ವೈರಿಗೆ ಬಿ, ಸ್ವಿಚ್ಚಿಗೆ ಹೋಗುವ ವೈರಿಗೆ ಎಲ್. ಹೊಸದಕ್ಕೆ ಮೂರು. 49 ಎಂದು ಬರೆದದ್ದು ಬ್ಯಾಟರಿಗೆ, 49ಎ ಸ್ವಿಚ್ಚಿಗೆ, 31 ಅರ್ಥ್‌ಗೆ. ಆ ಮೂರನೆಯ ಕಾಲಿನಿಂದ ಚಾಸಿಗೆ ಹೊಸದಾಗಿ ಒಂದು ವೈರು ಎಳೆಯದಿದ್ದರೆ ಹೊಸ ಫ್ಲಾಶರ್ ಸತ್ತಂತೆ ಕೂತಿರುತ್ತದೆ. "ಮಾಲು ಖರಾಬ್ ಐತಿ ಅಂತ ಅಂಗಡಿಯವನ ಜೋಡಿ ಜಗಳಾ ಮಾಡಿ ಬರೋರು ಭಾಳ ಮಂದಿ. ಅರ್ಥೇ ಕೊಟ್ಟಿರಂಗಿಲ್ಲ," ಎಂದು ಇಲೆಕ್ಟ್ರಿಷಿಯನ್ ನಕ್ಕರು.

ನಾಲ್ಕೂ ಕಣ್ಣು ಒಟ್ಟಿಗೆ

ಹೊಸ ಫ್ಲಾಶರ್ ಕೂರಿಸಿ ಎಡಕ್ಕೆ ಸ್ವಿಚ್ಚು ಹಾಕಿದಾಗ ದೀಪ ಮಿಟುಕಿತು. ಎಲ್ಲರಿಗೂ ಖುಷಿ. ಲಾರಿಯ ಹಿಂದೆ ನಿಂತಿದ್ದ ಮೊಮ್ಮಗ ಕೂಗಿದ: "ಅಜ್ಜ, ಬಲದ್ದೂ ಮಿಟುಕುತ್ತಿದೆ!"

ಹೌದು, ಎಡದ್ದು ಜೋರಾಗಿ, ಬಲದ್ದು ತುಸು ಮಂದವಾಗಿ, ನಾಲ್ಕೂ ಮಿಟುಕುತ್ತಿದ್ದವು. ಹಿಂದಿನ ದಿನವೂ ಬಲಗಡೆಯವು ಮಂದವಾಗಿ ಉರಿದಿದ್ದಿರಬೇಕು, ಹಗಲ ಬೆಳಕಿನಲ್ಲಿ ಯಾರೂ ಗಮನಿಸಿರಲಿಲ್ಲ. ದೋಷ ಡ್ಯಾಶ್‌ಬೋರ್ಡಿನಲ್ಲಿತ್ತು. ಈ ಲಾರಿಯಲ್ಲಿ ಎಡ, ಬಲ ಎರಡಕ್ಕೂ ಸೇರಿ ಒಂದೇ ಪೈಲಟ್ ಬಲ್ಬು. ಅದರ ಒಂದು ಕಾಲು ಎಡದ ವೈರಿಗೆ, ಇನ್ನೊಂದು ಬಲದ ವೈರಿಗೆ. ಎಡಕ್ಕೆ ಹಾಕಿದಾಗ ಕರೆಂಟು ಪೈಲಟ್ ಬಲ್ಬನ್ನು ದಾಟಿ ಬಲಗಡೆಯ ಬಲ್ಬುಗಳ ಮೂಲಕ ಅರ್ಥ್ ಸೇರುತ್ತಿತ್ತು. ಆ ಚಿಲ್ಲರೆ ಕರೆಂಟಿಗೆ 21 ವಾಟಿನ ಬಲ್ಬಿನ ತಂತಿ ಕೆಂಪಗೂ ಆಗುತ್ತಿರಲಿಲ್ಲ, ಆದ್ದರಿಂದ ನಲವತ್ತು ವರ್ಷ ಯಾರಿಗೂ ಗೊತ್ತಾಗಲಿಲ್ಲ. ಎಲ್‌ಇಡಿಗಾದರೋ ಆ ಚಿಲ್ಲರೆಯೇ ಹೊಟ್ಟೆ ತುಂಬ ಊಟ.

ಇದರ ಮದ್ದು ಬಹಳ ಅಗ್ಗದ್ದು. 1ಎನ್4007 ಎಂಬ ಡಯೋಡ್ ಎರಡು. ಲ್ಯಾಮಿಂಗ್ಟನ್ ರೋಡಿನ ಎಲೆಕ್ಟ್ರಾನಿಕ್ ಅಂಗಡಿಗಳಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ. ಡಯೋಡ್ ಎಂದರೆ ಕರೆಂಟಿಗೆ ಏಕಮುಖ ರಸ್ತೆ. ಒಂದನ್ನು ಎಡದ ವೈರಿಗೆ, ಇನ್ನೊಂದನ್ನು ಬಲದ ವೈರಿಗೆ ಜೋಡಿಸಿ, ಬೆಳ್ಳಿ ಗೆರೆ ಇರುವ ತುದಿಗಳೆರಡನ್ನೂ ಸೇರಿಸಿ ಪೈಲಟ್ ಬಲ್ಬಿನ ಒಂದು ಕಾಲಿಗೆ ಕೊಡಬೇಕು. ಬಲ್ಬಿನ ಇನ್ನೊಂದು ಕಾಲನ್ನು ಅರ್ಥ್ ಮಾಡಬೇಕು. ಆಗ ಯಾವ ಕಡೆ ಹಾಕಿದರೂ ಪೈಲಟ್ ಹೊತ್ತುತ್ತದೆ, ಕರೆಂಟು ಆಚೆ ಬದಿಗೆ ದಾಟುವುದಿಲ್ಲ. ಅರ್ಧ ಗಂಟೆಯ ಕೆಲಸ.

ಬ್ಯಾಟರಿಯ ಮೈನಸ್ ಚಾಸಿಗೆ ಜೋಡಿಸಿದ್ದರೆ ಮಾತ್ರ ಈ ಲೆಕ್ಕ. ಬ್ರಿಟಿಷ್ ಮೂಲದ ಬಹಳ ಹಳೆಯ ವಾಹನಗಳಲ್ಲಿ ಪ್ಲಸ್ಸನ್ನೇ ಅರ್ಥ್ ಮಾಡಿರುವುದುಂಟು. ಹಳೆಯ ಬಲ್ಬಿಗೆ ಪ್ಲಸ್ಸು ಮೈನಸ್ಸಿನ ಭೇದವಿಲ್ಲ, ಎಲ್‌ಇಡಿಗೆ ಇದೆ. ಹಾಗೆಯೇ ಬ್ಯಾಟರಿ ಒಂದೇ ಇದೆಯೋ, ಎರಡನ್ನು ಸೇರಿಸಿ 24 ವೋಲ್ಟ್ ಮಾಡಿದ್ದಾರೋ ನೋಡಿಕೊಂಡೇ ಪೇಟೆಗೆ ಹೋಗಬೇಕು.

ಹಳದಿಯೇ ಯಾಕೆ?

ಮಗ ತಂದಿದ್ದು ಬಿಳಿ ಎಲ್‌ಇಡಿ. ಗಾಜು ಹೇಗೂ ಹಳದಿ ಇದೆಯಲ್ಲ ಎಂಬ ಲೆಕ್ಕ. ಆದರೆ ಸಂಜೆ ನೋಡಿದರೆ ಲಿಂಬೆಹಣ್ಣಿನ ಸಿಪ್ಪೆಯ ಹಾಗೆ ತೆಳ್ಳನೆಯ ಬಣ್ಣ. ತಂತಿಯ ಬಲ್ಬಿನ ಬೆಳಕಿನಲ್ಲಿ ಕೆಂಪು, ಹಳದಿ ಧಾರಾಳ ಇರುತ್ತದೆ, ಗಾಜು ಅದನ್ನು ಸೋಸಿ ಕೊಡುತ್ತದೆ. ಬಿಳಿ ಎಲ್‌ಇಡಿಯ ಮೂಲ ನೀಲಿ ಬೆಳಕು. ಗಾಜು ಆ ನೀಲಿಯನ್ನು ತಡೆದ ಮೇಲೆ ಉಳಿಯುವುದು ಕಡಿಮೆ. ಹಾಗಾಗಿ ಹಳದಿ ಗಾಜಿನ ಹಿಂದೆ ಹಳದಿ ಎಲ್‌ಇಡಿಯೇ ಇರಬೇಕು, ಕೆಂಪಿನ ಹಿಂದೆ ಕೆಂಪೇ. ಇದು ಬರೀ ಚಂದದ ಮಾತಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 102ನೇ ನಿಯಮದಂತೆ ಇಂಡಿಕೇಟರ್ ಆಂಬರ್ ಬಣ್ಣದ್ದೇ ಆಗಿರಬೇಕು, ನಿಮಿಷಕ್ಕೆ 60ಕ್ಕಿಂತ ಕಡಿಮೆಯಿಲ್ಲದೆ 120ಕ್ಕಿಂತ ಹೆಚ್ಚಿಲ್ಲದೆ ಮಿಟುಕಬೇಕು. ನಾವು ಗಡಿಯಾರ ಹಿಡಿದು ಎಣಿಸಿದೆವು. 84 ಬಂತು.

ಹಳದಿ ಎಲ್‌ಇಡಿ ತಂದಾಗ ಇನ್ನೊಂದು ಸಂಗತಿ ಕಂಡಿತು. ಹಳೆಯ ದೀಪದ ಒಳಗಿನ ಹೊಳೆಯುವ ಬಟ್ಟಲನ್ನು ಸುತ್ತಲೂ ಬೆಳಕು ಚೆಲ್ಲುವ ತಂತಿಗೆಂದು ರೂಪಿಸಿದ್ದಾರೆ. ತುದಿಯಲ್ಲಿ ಮಾತ್ರ ಎಲ್‌ಇಡಿ ಇರುವ ಬಲ್ಬು ಹಾಕಿದರೆ ನೇರ ಹಿಂದೆ ನಿಂತವನಿಗೆ ಕಣ್ಣು ಕುಕ್ಕುತ್ತದೆ, ಎರಡು ಹೆಜ್ಜೆ ಪಕ್ಕಕ್ಕೆ ಸರಿದವನಿಗೆ ಕಾಣುವುದೇ ಇಲ್ಲ. ಸುತ್ತಲೂ ಎಲ್‌ಇಡಿ ಕೂರಿಸಿದ ಬಲ್ಬನ್ನೇ ಆರಿಸಬೇಕು. ಅಷ್ಟೆಲ್ಲ ಮಾಡಿಯೂ ಹಿಂದಿನ ಎಡದ್ದು ಸರಿಯಾಗಿ ಉರಿಯಲಿಲ್ಲ. ಬಿಚ್ಚಿ ನೋಡಿದರೆ ಬ್ರಾಕೆಟಿನ ಬೋಲ್ಟಿನ ಮೇಲೆ ನಾಲ್ಕು ಪದರ ಬಣ್ಣ, ಅದರಡಿ ತುಕ್ಕು. ಅರ್ಥ್ ಸಿಗುವುದಾದರೂ ಹೇಗೆ? ತಿಕ್ಕಿ, ಪ್ರತ್ಯೇಕ ವೈರು ಎಳೆದು ಚಾಸಿಗೆ ಕೊಟ್ಟ ಮೇಲೆ ಸರಿಹೋಯಿತು. ಹಳೆಯ ಬಲ್ಬು ಮಂಕಾಗಿದ್ದುದಕ್ಕೂ ಇದೇ ಕಾರಣವಿರಬೇಕೆಂದು ಇಲೆಕ್ಟ್ರಿಷಿಯನ್ ಹೇಳಿದಾಗ ಮಗನ ಮುಖ ನೋಡುವಂತಿತ್ತು. ಮೊದಲೇ ಬೋಲ್ಟು ತಿಕ್ಕಿದ್ದರೆ ಇಷ್ಟೆಲ್ಲ ಬೇಕಿರಲಿಲ್ಲವೋ ಏನೋ!

ಎಲ್‌ಇಡಿಯಿಂದ ಲಾಭವಿಲ್ಲ ಎಂದಲ್ಲ. ಘಟ್ಟದ ರಸ್ತೆಯ ಕುಲುಕಾಟಕ್ಕೆ ತಂತಿ ಕಡಿಯುವ ಭಯವಿಲ್ಲ. ಬ್ರೇಕ್ ಲೈಟಿನಲ್ಲಂತೂ ಲಾಭ ಎದ್ದು ಕಾಣುತ್ತದೆ. ತಂತಿಯ ಬಲ್ಬು ಕಾದು ಬೆಳಗಲು ಸೆಕೆಂಡಿನ ಐದನೇ ಒಂದು ಭಾಗದಷ್ಟು ಹೊತ್ತು ಬೇಕು, ಎಲ್‌ಇಡಿ ತಕ್ಷಣ ಬೆಳಗುತ್ತದೆ. ಗಂಟೆಗೆ 60 ಕಿಲೋಮೀಟರಿನಲ್ಲಿ ಹಿಂದೆ ಬರುವ ವಾಹನ ಅಷ್ಟರಲ್ಲಿ 3 ಮೀಟರಿಗಿಂತ ಹೆಚ್ಚು ಮುಂದೆ ಬಂದಿರುತ್ತದೆ. ಮಳೆಗಾಲದ ಮಟ್ಟಿಗೆ ಹಳೆಯ ಬಲ್ಬೇ ಮೇಲು. ಅದರ ಬಿಸಿಗೆ ಗಾಜಿನೊಳಗಿನ ತೇವ ಆರುತ್ತಿತ್ತು, ಎಲ್‌ಇಡಿಗೆ ಆ ಬಿಸಿಯಿಲ್ಲ. ದೀಪದ ರಬ್ಬರ್ ಗ್ಯಾಸ್ಕೆಟ್ ಹೊಸದು ಹಾಕಿಸುವುದು ಉತ್ತಮ.

ಕೇಳದೆ ಹೋದ ಶಬ್ದ

ಎಲ್ಲ ಮುಗಿಯಿತು ಎನ್ನುವಷ್ಟರಲ್ಲಿ ಹಿರಿಯರು ಕ್ಯಾಬಿನಿನಲ್ಲಿ ಕೂತು ಇಂಡಿಕೇಟರ್ ಹಾಕಿದರು, ಆಫ್ ಮಾಡಿದರು, ಮತ್ತೆ ಹಾಕಿದರು. ಅವರಿಗೆ ಏನೋ ಸರಿಬರಲಿಲ್ಲ.

"ಟಿಕ್ ಟಿಕ್ ಇಲ್ಲವಲ್ಲ," ಎಂದರು.

ಹೊಸ ಫ್ಲಾಶರ್ ಸದ್ದಿಲ್ಲದ್ದು. ಅಷ್ಟಕ್ಕೇ ಇಷ್ಟು ಯೋಚನೆ ಯಾಕೆ ಎಂದು ಮಗ ಕೇಳಿದಾಗ ಅವರು ಹೇಳಿದ ಸಂಗತಿ ಮಗನಿಗೂ ಪೂರ್ತಿ ಗೊತ್ತಿರಲಿಲ್ಲ.

1993ರ ಮಳೆಗಾಲ. ಊರಿನಿಂದ ಅಡಿಕೆ ಹೇರಿಕೊಂಡು ಇದೇ ಲಾರಿಯಲ್ಲಿ ಬರುತ್ತಿದ್ದರು. ಕಶೇಡಿ ಘಾಟಿ ಇಳಿದ ಮೇಲೆ, ರಾತ್ರಿ, ಬಲಗಡೆಯ ಪೆಟ್ರೋಲ್ ಪಂಪಿಗೆ ತಿರುಗಿಸಲೆಂದು ಇಂಡಿಕೇಟರ್ ಹಾಕಿದರು. ಟಿಕ್ ಎಂದು ಒಮ್ಮೆ ಕೇಳಿ ಶಬ್ದ ನಿಂತಿತು. ಫ್ಲಾಶರ್ ಹಾಳಾಗಿರಬೇಕು, ಪನ್ವೇಲಿನಲ್ಲಿ ನೋಡಿಸಿದರಾಯಿತು ಎಂದುಕೊಂಡರು. ಹಾಳಾಗಿದ್ದು ಫ್ಲಾಶರ್ ಅಲ್ಲ. ಹಿಂದಿನ ಬಲಗಡೆಯ ಬಲ್ಬು ಹೋಗಿತ್ತು. ಒಂದು ಬಲ್ಬು ಹೋದರೆ ಕರೆಂಟು ಅರ್ಧಕ್ಕೆ ಇಳಿದು ಆ ಪಟ್ಟಿಯ ಫ್ಲಾಶರ್ ನಿಂತುಬಿಡುತ್ತದೆ. ಅದು ಚಾಲಕನಿಗೆ ಕೊಡುವ ಸೂಚನೆ. ಹಿಂದಿನಿಂದ ಓವರ್‌ಟೇಕ್ ಮಾಡಲು ಬಂದ ಜೀಪಿನವನಿಗೆ ಲಾರಿಯ ಹಿಂಭಾಗದಲ್ಲಿ ಏನೂ ಕಾಣಲಿಲ್ಲ. ಡಿಕ್ಕಿ ಹೊಡೆಯುವಾಗ ಕ್ಲೀನರ್ ಹುಡುಗ ಬಲಗಡೆ ರಸ್ತೆಗಿಳಿದು ಕೈತೋರಿಸಲು ಹೊರಟಿದ್ದ. ಕಾಲು ಮುರಿಯಿತು. ಹಿರಿಯರೇ ಆಸ್ಪತ್ರೆಯ ಖರ್ಚು ನೋಡಿಕೊಂಡರು. ಹುಡುಗ ಊರಿಗೆ ಹೋದವನು ಮತ್ತೆ ಲಾರಿ ಹತ್ತಲಿಲ್ಲ.

"ಶಬ್ದ ನಿಂತದ್ದು ನನಗೆ ಕೇಳಿತ್ತು. ಇಳಿದು ನೋಡಬೇಕಿತ್ತು, ನೋಡಲಿಲ್ಲ," ಎಂದಷ್ಟೇ ಹೇಳಿದರು.

ಹೆದ್ದಾರಿಯಲ್ಲಿ ಇಂಡಿಕೇಟರಿನದ್ದು ಮೊದಲೇ ಗೊಂದಲದ ಭಾಷೆ. ಮುಂದಿನ ಲಾರಿ ಬಲಕ್ಕೆ ಮಿಟುಕಿಸಿದರೆ "ನನ್ನನ್ನು ದಾಟಿ ಹೋಗು" ಎಂದು ಅರ್ಥ ಮಾಡುವವರಿದ್ದಾರೆ. "ನಾನು ಬಲಕ್ಕೆ ತಿರುಗುತ್ತೇನೆ" ಎಂಬುದೇ ಸರಿಯಾದ ಅರ್ಥ. ಅಂಥಲ್ಲಿ ದೀಪವೇ ಉರಿಯದಿದ್ದರೆ, ಅಥವಾ ನಾಲ್ಕೂ ಒಟ್ಟಿಗೆ ಮಿಟುಕಿದರೆ ಹಿಂದಿನವನು ಏನೆಂದು ತಿಳಿಯಬೇಕು?

ಈಗಿನ ತೊಡಕು ಇಲ್ಲಿದೆ. ಹೊಸ ಫ್ಲಾಶರ್ ಕರೆಂಟಿನ ಲೆಕ್ಕ ಇಡುವುದಿಲ್ಲ ಎಂದೆವಲ್ಲ, ಆ ಕಾರಣಕ್ಕೇ ಒಂದು ದೀಪ ಸತ್ತರೂ ಅದಕ್ಕೆ ತಿಳಿಯುವುದಿಲ್ಲ. ಉಳಿದದ್ದನ್ನು ಅದೇ ಲಯದಲ್ಲಿ ಮಿಟುಕಿಸುತ್ತಿರುತ್ತದೆ, ಡ್ಯಾಶ್‌ಬೋರ್ಡಿನ ಪೈಲಟ್ ಕೂಡ ಎಲ್ಲ ಸರಿ ಇದೆ ಎನ್ನುತ್ತದೆ. ರೆಸಿಸ್ಟರ್ ಹಾಕಿದರೂ ಇದೇ ಗತಿ, ಎಲ್‌ಇಡಿ ಸತ್ತ ಮೇಲೂ ರೆಸಿಸ್ಟರ್ ಕರೆಂಟು ನುಂಗುತ್ತಲೇ ಇರುತ್ತದೆ. ಎಲ್‌ಇಡಿ ಸುಲಭಕ್ಕೆ ಹಾಳಾಗುವುದಿಲ್ಲ ಎಂದು ಮಗ ಸಮಜಾಯಿಷಿ ಹೇಳಿದರು. ಅಗ್ಗದ ಮಾಲು ಆಲ್ಟರ್ನೇಟರಿನ ಏರಿಳಿತಕ್ಕೆ ಹೋಗುವುದುಂಟು, 10ರಿಂದ 30 ವೋಲ್ಟ್ ತಾಳುವಂಥದ್ದು ಹಾಕಿದರೆ ಚಿಂತೆ ಕಡಿಮೆ ಎಂದು ಇಲೆಕ್ಟ್ರಿಷಿಯನ್ ಸೇರಿಸಿದರು. ಹಿರಿಯರು ಎರಡಕ್ಕೂ ತಲೆಯಾಡಿಸಲಿಲ್ಲ.

ಕೊನೆಗೆ ಆದ ಒಪ್ಪಂದ ಹೀಗೆ. ಸದ್ದು ಮಾಡುವ ಎಲೆಕ್ಟ್ರಾನಿಕ್ ಫ್ಲಾಶರ್ ತರಿಸಿ ಹಾಕಿದರು. ಅದರ ಸದ್ದು ಸ್ವಿಚ್ಚು ಹಾಕಿದ್ದನ್ನು ನೆನಪಿಸುತ್ತದೆ, ದೀಪ ಉರಿಯುತ್ತಿದೆ ಎಂದು ಹೇಳುವುದಿಲ್ಲ ಎಂಬುದನ್ನು ಎಲ್ಲರೂ ಒಪ್ಪಿಕೊಂಡರು. ಹಳೆಯ ಬಲ್ಬು ನಾಲ್ಕನ್ನೂ ತಗಡಿನ ಡಬ್ಬಿಯನ್ನೂ ಬಟ್ಟೆಯಲ್ಲಿ ಸುತ್ತಿ ಸೀಟಿನ ಕೆಳಗಿಟ್ಟರು. ಫಿಟ್‌ನೆಸ್ ತಪಾಸಣೆಯಲ್ಲಿ ಹಳೆಯದೇ ಬೇಕೆಂದರೆ ಹತ್ತು ನಿಮಿಷದಲ್ಲಿ ಬದಲಿಸಬಹುದು. ಕಾಗದದ ವಾಹನ ಇರುವವರು ಇಂಥ ಬದಲಾವಣೆಗೆ ಮೊದಲು ಆರ್‌ಟಿಓದಲ್ಲಿ ಒಂದು ಮಾತು ಕೇಳಿಕೊಳ್ಳುವುದು ಒಳ್ಳೆಯದು. ಇನ್ನು, ಲಾರಿ ಹೊರಡುವ ಮೊದಲು ಒಬ್ಬರು ಹಿಂದೆ ಹೋಗಿ ನಿಂತು ದೀಪ ನೋಡಲೇಬೇಕು ಎಂದು ಹಿರಿಯರ ಕಟ್ಟಾಜ್ಞೆ. ಆ ಕೆಲಸ ಮೊಮ್ಮಗನ ಪಾಲಿಗೆ ಬಂತು.

ಮೆರವಣಿಗೆಯ ಭಾನುವಾರ ಮಹಿಳಾ ವಿಭಾಗದವರು ಬೆಳಿಗ್ಗೆಯೇ ಬಂದು ಲಾರಿಯನ್ನು ಗೊಂಡೆಹೂವಿನಿಂದ ಮುಚ್ಚಿದ್ದರು. ಕೆಂಪು ಹಳದಿ ಬಾವುಟ, ಕಬ್ಬು, ಬಾಳೆಗಿಡ, ನಡುವೆ ಭುವನೇಶ್ವರಿ. ಮುಂದಿನ ಇಂಡಿಕೇಟರ್ ಎರಡೂ ಹೂವಿನ ಹಿಂದೆ ಮಾಯವಾಗಿದ್ದವು. ಹಳದಿ ಹೂವಿನ ಹಿಂದೆ ಹಳದಿ ದೀಪ, ಯಾರಿಗೆ ಕಾಣಬೇಕು? ಹಿರಿಯರು ಯಾರಿಗೂ ಹೇಳದೆ ಆ ಎರಡು ಮಾಲೆಗಳನ್ನು ಬಿಚ್ಚಿ ಬಾನೆಟ್ಟಿನ ಮೇಲೆ ಇಟ್ಟರು. ಆಮೇಲೆ ಕ್ಯಾಬಿನ್ ಹತ್ತಿ ಸ್ವಿಚ್ಚು ಹಾಕಿದರು.

"ಎಡ ಉಂಟು ಅಜ್ಜ!" ಹಿಂದಿನಿಂದ ಕೂಗು ಬಂತು. "ಬಲ... ಬಲ ಸಹ ಉಂಟು!"

"ಬ್ರೇಕ್?"

"ಉಂಟು!"

ಹಿರಿಯರು ಕಿಟಕಿಯಿಂದ ತಲೆ ಹೊರಗೆ ಹಾಕಿ ಮೊಮ್ಮಗ ಬದಿಗೆ ಸರಿದದ್ದನ್ನು ನೋಡಿಕೊಂಡು ಎಂಜಿನ್ ಸ್ಟಾರ್ಟ್ ಮಾಡಿದರು.